ಗಣಕದ ಮೌನ

ಜಾವಾಸ್ಕ್ರಿಪ್ಟಿನಲ್ಲಿ ನಾವು ಕಟ್ಟಿದ ವಸ್ತುವನ್ನು ಮತ್ತೆ ಬರಹಕ್ಕಿಳಿಸಲು ಇಂದು ಬಹುಮಂದಿ ಹಿಡಿಯುವ ದಾರಿ ಜೇಸನ್. ಅಂಕಗಳನ್ನೂ ಅವುಗಳ ಸರಾಸರಿ ತೆಗೆಯುವ ಫಂಕ್ಷನ್ನನ್ನೂ ಒಂದೇ ವಸ್ತುವಿನಲ್ಲಿಟ್ಟು ನಾನೂ ಅದಕ್ಕೊಪ್ಪಿಸಿದೆ. ಅಂಕಗಳು ಬಂದವು, ಫಂಕ್ಷನ್ ಮಾಯವಾಗಿತ್ತು. ದೋಷವೆಂಬ ಸೊಲ್ಲೇ ಇಲ್ಲ! ಎರಡು ಸಂಜೆ ನನ್ನ ಬರಹದಲ್ಲೇ ತಪ್ಪು ಹುಡುಕಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೊಬ್ಬನೇ, ಕೇಳುವುದಾದರೂ ಯಾರನ್ನು?

ಫೈರ್‌ಫಾಕ್ಸಿನಲ್ಲಿ ಹಿಂದೆ ‘ಟೂಸೋರ್ಸ್’ ಎಂಬುದೊಂದಿತ್ತು. ಅದು ಫಂಕ್ಷನ್ನಿನ ಮೂಲವನ್ನೂ ಬರೆದುಕೊಡುತ್ತಿತ್ತು. ಭಾಷೆಯ ಅಧಿಕೃತ ವಿಧಿಗೆ ಎಂದೂ ಸೇರದ ಅದನ್ನು 2020ರಲ್ಲಿ, 74ನೆಯ ಆವೃತ್ತಿಯಿಂದ, ಜಾಲಪುಟಗಳಿಗೆ ಇಲ್ಲವಾಗಿಸಿದರು. ಅದಕ್ಕಾಗಿ ನಾನು ಅಳುವುದಿಲ್ಲ. ಆ ಬರಹಕ್ಕೆ ಮತ್ತೆ ಜೀವ ತುಂಬಲು ‘ಇವ್ಯಾಲ್’ ಬೇಕು. ಅಪರಿಚಿತನ ಬರಹವನ್ನು ಅದಕ್ಕೆ ಕೊಡುವುದೆಂದರೆ ಮನೆಯ ಬೀಗದ ಕೈಯನ್ನೇ ಕೊಟ್ಟಂತೆ.

ನನ್ನ ತಕರಾರು ಮೌನದ ಮೇಲೆ. ತನ್ನೊಳಗೆ ತನ್ನನ್ನೇ ಸೂಚಿಸುವ ವಸ್ತುವನ್ನು ಕೊಟ್ಟರೆ ಇದೇ ಜೇಸನ್ ಕೂಡಲೆ ಗದರುತ್ತದೆ. ಫಂಕ್ಷನ್ನನ್ನು ಕೈಬಿಡುವಾಗ ಮಾತ್ರ ಮೌನವೇಕೆ? ವಿಧಿಯೇ ಹಾಗಿದೆ ಎನ್ನುವರು. ವಿಧಿ ಬಲ್ಲವರಿಗೆ ಅದು ಸಾಕು, ಕಲಿಯುವವನಿಗೆ?

ಈಗ ಫಂಕ್ಷನ್ನನ್ನು ‘ಟೂಸ್ಟ್ರಿಂಗ್’ನಿಂದ ಬೇರೆಯಾಗಿ ತೆಗೆದಿಡುತ್ತೇನೆ. 2019ರ ವಿಧಿಯಂತೆ ಅದು ಬರೆದದ್ದನ್ನು ಬರೆದಂತೆಯೇ ಕೊಡಬೇಕು. ಮೊನ್ನೆ ನೋಡಿದೆ: ಒಳಗೆ ನಾನು ಕನ್ನಡದಲ್ಲಿ ಗೀಚಿದ್ದ ಟಿಪ್ಪಣಿಯೂ ಅಕ್ಷರ ತಪ್ಪದೆ ಬಂದಿತ್ತು.