ನೀರು ತಂದವರೇ ನೀರು ಬಸಿಯುವ ದಾರಿಯನ್ನೂ ಮಾಡಿಕೊಡಿ

ಮಾನ್ಯ ಜಲಸಂಪನ್ಮೂಲ ಸಚಿವರಿಗೆ,



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸುದ್ದಿ ವಿಧಾನಸೌಧ ಮುಟ್ಟುವುದು ಹೆಚ್ಚಾಗಿ ನೆರೆ ಬಂದಾಗ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಲೋಳಸೂರ ಸೇತುವೆಯನ್ನು ಮುಳುಗಿಸಿ ಗೋಕಾಕ ಊರೊಳಗೆ ನುಗ್ಗಿದಾಗ ನಾಡೆಲ್ಲ ಇತ್ತ ನೋಡಿತು. ನದಿಯ ನೆರೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ನಮ್ಮ ಹೊಲಗಳ ಅಡಿಯಲ್ಲಿ ನಿಂತ ನೀರು ಮಾತ್ರ ಬೇಸಿಗೆಯಲ್ಲೂ ಇಳಿಯುವುದಿಲ್ಲ. ನಾವು ಸವಳು-ಜವಳು ಎನ್ನುವ ಈ ಸಂಕಟದ ಬಗ್ಗೆಯೇ ನಿಮಗೆ ಬರೆಯುತ್ತಿದ್ದೇನೆ.

ಈ ಸೀಮೆಗೆ ಕಾಲುವೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಎಡದಂಡೆಗೆ ನೀರು ಹರಿಸಿದರು. ಮುಂದೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಎದ್ದಿತು. ಜೋಳ ಬೆಳೆಯುತ್ತಿದ್ದ ಎರೆ ಭೂಮಿ ಕಬ್ಬಿನ ಭೂಮಿಯಾಯಿತು. ಸಾಲ ತೀರಿತು, ಮನೆ ಎದ್ದವು, ಮಕ್ಕಳು ಶಾಲೆ ಕಲಿತರು. ಆ ನೀರಿನ ಋಣವನ್ನು ನಾವು ಮರೆತಿಲ್ಲ.

ಆದರೆ ಹೊಲಕ್ಕೆ ನೀರು ತರುವ ಕಾಲುವೆ ಮಾಡಿದಷ್ಟು ಆಸ್ಥೆಯಿಂದ, ಹೆಚ್ಚಾದ ನೀರು ಹೊರಗೆ ಹೋಗುವ ಬಸಿಗಾಲುವೆಯನ್ನು ಯಾರೂ ಮಾಡಲಿಲ್ಲ. ಎರೆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ವರ್ಷವಿಡೀ ಕಬ್ಬಿಗೆ ಬಿಟ್ಟ ನೀರು ಬೇರಿನ ಕೆಳಗೆ ಇಳಿದು ಅಲ್ಲೇ ನಿಲ್ಲುತ್ತದೆ, ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ಬಿಸಿಲಿಗೆ ನೀರು ಆರಿದಾಗ ಅದರೊಳಗಿನ ಉಪ್ಪು ಮೇಲ್ಮಣ್ಣಿನಲ್ಲಿ ಬೆಳ್ಳಗೆ ಉಳಿಯುತ್ತದೆ. ಮೊದಲು ಇಳುವರಿ ಕುಸಿಯುತ್ತದೆ, ಆಮೇಲೆ ನೆಟ್ಟ ಕಬ್ಬು ಮೊಳೆಯುವುದೇ ಇಲ್ಲ, ಕೊನೆಗೆ ಹೊಲ ಬೀಳು ಬೀಳುತ್ತದೆ. ಪಹಣಿ ಉತಾರದಲ್ಲಿ ನೀರಾವರಿ ಎಂದೇ ಬರೆದಿರುವ ಆ ಹೊಲದ ಸಾಲವನ್ನು ರೈತ ಕೂಲಿ ಮಾಡಿ ತೀರಿಸಬೇಕಾಗುತ್ತದೆ.

ರೈತರೇ ಅತಿಯಾಗಿ ನೀರು ಬಿಟ್ಟು ಹಾಳು ಮಾಡಿಕೊಂಡರು ಎಂದು ಅಧಿಕಾರಿಗಳು ಹೇಳುತ್ತಾರೆ. ಅದರಲ್ಲಿ ನಿಜವಿದೆ. ಆದರೆ ಮುಂದಿನ ಪಾಳಿ ಯಾವಾಗ ಎಂಬ ಭರವಸೆಯಿಲ್ಲದ ರೈತ, ನೀರು ಬಂದ ದಿನ ಹೊಲ ತುಂಬಿಸಿಕೊಳ್ಳುತ್ತಾನೆ. ಮೇಲ್ಭಾಗದಲ್ಲಿ ಹೀಗೆ ಭೂಮಿ ಜವಳಾಗುವಾಗ ಕಾಲುವೆಯ ಕೊನೆಯಲ್ಲಿರುವ ಮುಧೋಳ, ಜಮಖಂಡಿ ಭಾಗದ ರೈತರು ನೀರಿಗಾಗಿ ಹೋರಾಡುತ್ತಾರೆ. ಎರಡೂ ಕಡೆಯ ನಷ್ಟಕ್ಕೆ ಕಾರಣ ಒಂದೇ, ಪಾಳಿಯ ಭರವಸೆ ಇಲ್ಲದಿರುವುದು.

ದಾರಿ ಇಲ್ಲವೆಂದಲ್ಲ. ರಂಧ್ರವಿರುವ ಪೈಪುಗಳನ್ನು ಬೇರಿನ ಕೆಳಗೆ ಹೂಳಿ ನೀರನ್ನು ಹಳ್ಳಕ್ಕೆ ಬಸಿದರೆ ಉಪ್ಪೂ ತೊಳೆದು ಹೋಗುತ್ತದೆ. ನಮ್ಮ ಗಡಿಯಾಚೆ ಶಿರೋಳದಲ್ಲಿ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆ ರೈತರನ್ನು ಒಟ್ಟುಗೂಡಿಸಿ ಇದನ್ನು ಮಾಡಿಸಿದೆ, ಬೀಳು ಬಿದ್ದ ಹೊಲಗಳಲ್ಲಿ ಮತ್ತೆ ಬೆಳೆ ಬಂದಿದೆ. ಇದು ಒಬ್ಬ ರೈತನಿಂದ ಆಗುವ ಕೆಲಸವಲ್ಲ. ಒಬ್ಬನ ಹೊಲದ ಪೈಪು ಹತ್ತಾರು ಜನರ ಹೊಲ ದಾಟಿಯೇ ಹಳ್ಳ ಸೇರಬೇಕು. ಆ ಹಳ್ಳವೂ ಹೂಳಿಲ್ಲದೆ, ಒತ್ತುವರಿಯಿಲ್ಲದೆ ಇರಬೇಕು. ಅದಕ್ಕೇ ಸರ್ಕಾರ ಬೇಕು.

ನಮ್ಮ ಬೇಡಿಕೆಗಳು ಇಷ್ಟು. ಮೂರೂ ತಾಲ್ಲೂಕುಗಳ ಸವಳು-ಜವಳು ಭೂಮಿಯನ್ನು ಸರ್ವೆ ನಂಬರುವಾರು ಅಳೆದು ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳಲ್ಲಿ ಪ್ರಕಟಿಸಿ. ಬಸಿಗಾಲುವೆಯನ್ನು ಬಿಡಿ ರೈತನಿಗೆ ಸಹಾಯಧನವಾಗಿ ಹಂಚದೆ, ಹಳ್ಳದ ಜಲಾನಯನವನ್ನೇ ಘಟಕವಾಗಿ ಹಿಡಿದು ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಮೂಲಕ ಮಾಡಿಸಿ. ಮೊದಲು ಹಳ್ಳಗಳ ಹೂಳು ತೆಗೆಸಿ, ಒತ್ತುವರಿ ಬಿಡಿಸಿ. ಅದರಿಂದ ಮಳೆಗಾಲದ ನೆರೆಗೂ ಹರಿಯಲು ಜಾಗ ಸಿಗುತ್ತದೆ. ಪಾಳಿಯ ದಿನಾಂಕಗಳನ್ನು ಹಂಗಾಮಿಗೆ ಮೊದಲೇ ತಿಳಿಸಿ, ತಪ್ಪದೆ ನಡೆಸಿ. ಕಬ್ಬಿಗೆ ಹನಿ ನೀರಾವರಿ ಹಾಕಿಸುವ ಹೊಣೆಯಲ್ಲಿ ಸಕ್ಕರೆ ಕಾರ್ಖಾನೆಗಳೂ ಪಾಲು ಹೊರುವಂತೆ ಮಾಡಿ. ಕಬ್ಬು ಬೇಕಾದವರಿಗೆ ಕಬ್ಬು ಬೆಳೆಯುವ ಮಣ್ಣೂ ಬೇಕು.

ನಮ್ಮ ಪಾಲಿನ ಕೆಲಸವನ್ನು ನಾವು ಮಾಡಬೇಕು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಇಡುವುದನ್ನು ನಿಲ್ಲಿಸಬೇಕು. ಅದನ್ನು ಸಾಲಿನ ನಡುವೆ ಹೊದಿಸಿದರೆ ತೇವ ಉಳಿಯುತ್ತದೆ, ನೀರು ಕಡಿಮೆ ಸಾಕು, ಕೊಳೆತು ಗೊಬ್ಬರವೂ ಆಗುತ್ತದೆ. ಕಬ್ಬಿನ ಮೇಲೆ ಕಬ್ಬು ಹಾಕದೆ ನಡುವೆ ಕಡಲೆಯನ್ನೋ ಸೆಣಬನ್ನೋ ಬೆಳೆಯಬೇಕು. ಇದಕ್ಕೆ ಯಾವ ಆದೇಶವೂ ಬೇಕಿಲ್ಲ ಎಂದು ನನ್ನ ರೈತ ಬಂಧುಗಳಿಗೂ ಈ ಪತ್ರದ ಮೂಲಕವೇ ಹೇಳುತ್ತೇನೆ.

ಮಾನ್ಯ ಸಚಿವರೇ, ಸವಳಾದ ಭೂಮಿ ಕಾದಷ್ಟೂ ಕೆಡುತ್ತದೆ, ಸರಿಪಡಿಸುವ ಖರ್ಚೂ ಏರುತ್ತದೆ. ಬರುವ ಬಜೆಟ್ಟಿನಲ್ಲಿ ಘಟಪ್ರಭಾ ಅಚ್ಚುಕಟ್ಟಿನ ಬಸಿಗಾಲುವೆಗೆ ಪ್ರತ್ಯೇಕ ಹಣ ತೆಗೆದಿಡಿ, ಈ ಬೇಸಿಗೆಯಲ್ಲೇ ಒಂದು ಹಳ್ಳದಿಂದ ಕೆಲಸ ಶುರು ಮಾಡಿಸಿ.

ಇತಿ ತಮ್ಮ ವಿಶ್ವಾಸಿ,
ಮೂಡಲಗಿ ಭಾಗದ ಒಬ್ಬ ರೈತ