ಎರಡು ಬೀರುಗಳ ಯಜಮಾನ

ಮಲೆಬೆನ್ನೂರಿನ ಅಕ್ಕಿ ಗಿರಣಿಯ ಯಜಮಾನರು ದೇವಸ್ಥಾನದ ಧರ್ಮದರ್ಶಿಯೂ ಆದರೆ, ಗಿರಣಿಯ ಲೆಕ್ಕಕ್ಕೆ ದೇವರ ಲೆಕ್ಕವನ್ನು ಬೆರೆಸುವಂತಿಲ್ಲ. ಗೌರವ ಕಾನ್ಸುಲರ ಧರ್ಮವೂ ಅದೇ. ಕೇವಲ 21 ಚದರ ಕಿಲೋಮೀಟರಿನ ನೌರುವಿನಂತಹ ದ್ವೀಪರಾಷ್ಟ್ರವು ಊರೂರಿಗೂ ರಾಜತಂತ್ರಜ್ಞರನ್ನು ಕಳುಹಿಸಲಾರದು. ಆದುದರಿಂದ ಇಂತಹ ರಾಷ್ಟ್ರಗಳು ತಮ್ಮ ಪ್ರಜೆಗಳ ಯೋಗಕ್ಷೇಮವನ್ನು, ಆತಿಥೇಯ ಸರ್ಕಾರದ ಒಪ್ಪಿಗೆ ಪಡೆದು, ಸ್ಥಳೀಯ ಉದ್ಯಮಿಯೊಬ್ಬರಿಗೆ ಒಪ್ಪಿಸುವುದುಂಟು. ಸಾಮಾನ್ಯವಾಗಿ ಸಂಬಳವಿಲ್ಲ, 1963ರ ವಿಯೆನ್ನಾ ಒಪ್ಪಂದದಂತೆ ಮಡದಿ ಮಕ್ಕಳಿಗೆ ರಿಯಾಯಿತಿಯೂ ಇಲ್ಲ. ಕಾನ್ಸುಲ್ ಕಚೇರಿಯ ಕಾಗದಪತ್ರಗಳನ್ನು ಯಾರೂ ಮುಟ್ಟುವಂತಿಲ್ಲವೆನ್ನುತ್ತದೆ ಅದರ 61ನೆಯ ವಿಧಿ. ಆದರೆ ಅವು ವ್ಯಾಪಾರದ ಕಡತಗಳಿಂದ ಬೇರೆಯಾಗಿರಬೇಕು. ಪಾಸ್‌ಪೋರ್ಟ್ ಕಳೆದುಕೊಂಡು ಕಂಗೆಟ್ಟ ದ್ವೀಪವಾಸಿಯೊಬ್ಬನು ಬಾಗಿಲು ತಟ್ಟಿದಾಗ, ಲಾಭದ ಬೀರುವನ್ನು ಮುಚ್ಚಿ ನಂಬಿಕೆಯ ಬೀರುವನ್ನು ತೆರೆಯಬೇಕು. ಬಾಗಿಲ ಮೇಲಿನ ಪದವಿಯ ಫಲಕಕ್ಕೆ ಬೆಲೆ ಬರುವುದು ಆ ಗಳಿಗೆಯಲ್ಲಿಯೇ.