ಸೀಟು ಸಿಗದವರು ಓದೋ ಕೋರ್ಸಾ ಅದು?

ನಮ್ಮ ಕಡೆ ಮನೆಗಳಲ್ಲಿ ಪಿಯುಸಿ ರಿಸಲ್ಟ್ ಬಂದ ದಿನ ಕೋರ್ಸುಗಳಿಗೂ ಜಾತಿ ಹುಟ್ಟಿಕೊಳ್ಳುತ್ತೆ. ಮೊದಲು ಎಂಬಿಬಿಎಸ್, ಆಮೇಲೆ ಕಂಪ್ಯೂಟರ್ ಸೈನ್ಸ್, ಆಮೇಲೆ 'ಯಾವ್ದೋ ಒಂದು ಇಂಜಿನಿಯರಿಂಗ್', ಆಮೇಲೆ ಡೆಂಟಲ್, ಆಯುರ್ವೇದ... ಪಟ್ಟಿಯ ಕಟ್ಟಕಡೆಗೆ ಯಾರಿಗೂ ಹೆಸರು ನೆಟ್ಟಗೆ ಗೊತ್ತಿಲ್ಲದ ಒಂದು ಕೋರ್ಸು: ಬಿ.ಎ.ಎಸ್.ಎಲ್.ಪಿ. ಮಾತು ಮತ್ತು ಶ್ರವಣದ ವಿಜ್ಞಾನ, ಅದರ ತೊಂದರೆಗಳು, ಚಿಕಿತ್ಸೆ ಇವನ್ನು ಕಲಿಸೋ ಪದವಿ. ಹೆಸರು 'ಬಿಎ' ಅಂತ ಶುರುವಾಗೋದರಿಂದ ಅರ್ಧ ಜನ ಅದನ್ನ ಬಿಎ ಅಂತಲೇ ತಿಳ್ಕೊಂಡಿದ್ದಾರೆ :-)

ಈ ವರ್ಷ ನಮ್ಮ ಅತ್ತೆ ಮಗಳು ಅದನ್ನೇ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಅತ್ತೆ ಫೋನ್ ಮಾಡಿ, "ನೀನು ಸಾಫ್ಟ್‌ವೇರಲ್ಲಿದ್ದೀಯ, ನಿನ್ನ ಮಾತು ಕೇಳ್ತಾಳೆ, ಸ್ವಲ್ಪ ಬುದ್ಧಿ ಹೇಳೋ" ಅಂದ್ರು. ನಾನು ಹೇಳಲ್ಲ ಅಂದೆ. ಯಾಕೆ ಅನ್ನೋದನ್ನ ಇಲ್ಲಿ ಬರೀತೀನಿ. ಅತ್ತೆ ಬ್ಲಾಗ್ ಓದಲ್ಲ, ಆದ್ರೆ ನಿಮ್ಮೆಲ್ಲರ ಮನೇಲೂ ಇಂಥ ಅತ್ತೆ ಇದ್ದೇ ಇರ್ತಾರೆ.

ಮೊದಲು ಆ 'ಸುಲಭದ ಕೋರ್ಸು' ಅನ್ನೋ ಮಾತು. ಇಂಜಿನಿಯರಿಂಗಲ್ಲಿ ನಾವೆಲ್ಲ ಫೂರಿಯರ್ ಟ್ರಾನ್ಸ್‌ಫಾರ್ಮ್ ಓದಿದೆವು. ಓದಿದೆವು ಅಂದ್ರೆ ಹಳೇ ಪ್ರಶ್ನೆಪತ್ರಿಕೆ ಉರು ಹೊಡೆದೆವು. ಅದರಿಂದ ಏನು ಮಾಡ್ತಾರೆ ಅಂತ ನಮ್ಮ ಲೆಕ್ಚರರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈ ಕೋರ್ಸಿನ ಹುಡುಗರು ಅದೇ ಗಣಿತದಿಂದ ಹುಟ್ಟಿದ ಸ್ಪೆಕ್ಟ್ರೋಗ್ರಾಮನ್ನ ಎದುರಿಗಿಟ್ಟುಕೊಂಡು ಮನುಷ್ಯನ ಬಾಯೊಳಗೆ ಏನಾಗ್ತಿದೆ ಅಂತ ಓದ್ತಾರೆ. 'ಆ' ಅನ್ನುವಾಗ ಬಾಯಿ ತೆರೆದಷ್ಟೂ ಮೊದಲನೇ ಫಾರ್ಮಂಟ್ ಮೇಲೇರುತ್ತೆ, 'ಈ' ಅನ್ನುವಾಗ ನಾಲಗೆ ಮುಂದಕ್ಕೆ ಬಂದು ಎರಡನೇದು ಮೇಲೇರುತ್ತೆ. ಪ್ರಾಟ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಇಳಿಸಿಕೊಂಡು ನಿಮ್ಮದೇ ದನಿಯಲ್ಲಿ ನೋಡಿ. ಇದರ ಜೊತೆಗೆ ಅಂಗರಚನೆ, ನರವಿಜ್ಞಾನ, ಮನಶ್ಶಾಸ್ತ್ರ, ಭಾಷಾವಿಜ್ಞಾನ, ಸಂಖ್ಯಾಶಾಸ್ತ್ರ. ನಾಲ್ಕು ವರ್ಷ, ಅದರಲ್ಲಿ ಕೊನೇ ವರ್ಷ ಪೂರ್ತಿ ಇಂಟರ್ನ್‌ಶಿಪ್. ಲಕ್ವ ಹೊಡೆದವರಿಗೆ ಗಂಜಿ ಕುಡಿಸಬಹುದೋ, ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದುಬಿಡುತ್ತೋ ಅಂತ ನೋಡುವವರೂ ಇವರೇ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದೆ ಪ್ರಾಕ್ಟೀಸ್ ಮಾಡೋ ಹಾಗಿಲ್ಲ, ಅದಕ್ಕೆ 1992ರ ಕಾಯ್ದೆ ಇದೆ. ನಮಗೆ ಕೋಡ್ ಬರೆಯೋಕೆ ಯಾವ ಲೈಸೆನ್ಸ್ ಬೇಕು ಹೇಳಿ?

ಈಗ ನನಗೆ ನಿಜವಾಗಿ ಸಿಟ್ಟು ಬರಿಸೋ ವಿಷಯಕ್ಕೆ ಬರ್ತೀನಿ.

ಒಂದು ಮಗುವಿನ ಉಚ್ಚಾರಣೆ ಸರಿ ಇದೆಯಾ ಅಂತ ನೋಡಬೇಕು ಅಂದ್ಕೊಳ್ಳಿ. ಇಂಗ್ಲಿಷಿಗಾಗಿ ಮಾಡಿದ ಪರೀಕ್ಷೆಯಲ್ಲಿ 'ಳ' ಇರೋದೇ ಇಲ್ಲ, ಆ ಭಾಷೆಯಲ್ಲಿ ಆ ಧ್ವನಿಯೇ ಇಲ್ಲವಲ್ಲ. ಆದ್ರೆ ನಮಗೆ ಹಲ್ಲಿ ಬೇರೆ, ಹಳ್ಳಿ ಬೇರೆ. ಬಳೆ ಬೇರೆ, ಬಾಳೆ ಬೇರೆ. ಮಂಡ್ಯದ ಕಡೆಯ ಮಗು 'ಆಲು' ಕೊಡು ಅಂದ್ರೆ ಅದು ಕಾಯಿಲೆ ಅಲ್ಲ, ಅವರಪ್ಪ ಅಮ್ಮ ಅಜ್ಜ ಎಲ್ಲ ಹಾಲಿಗೆ ಹಾಗೇ ಅನ್ನೋದು. ಭಾರತ ಅನ್ನೋದನ್ನ ಬಾರತ ಅನ್ನೋ ಮಗುವಿಗೆ ಥೆರಪಿ ಕೊಡೋಕೆ ಹೊರಟರೆ ಅರ್ಧ ಕರ್ನಾಟಕವನ್ನೇ ಕ್ಲಿನಿಕ್ಕಿಗೆ ಕರೆಸಬೇಕಾಗುತ್ತೆ. ಯಾವುದು ಆಡುನುಡಿ, ಯಾವುದು ತೊಂದರೆ ಅಂತ ಬೇರ್ಪಡಿಸೋಕೆ ಕನ್ನಡ 'ಬಂದರೆ' ಸಾಲದು, ನಾಲ್ಕು ಜಿಲ್ಲೆಯ ಕನ್ನಡ ಕಿವಿಗೆ ಬಿದ್ದಿರಬೇಕು. ಈ ಕೆಲಸ ಶುರುವಾಗಿಯೇ ಇಲ್ಲ ಅಂತಲ್ಲ. 1965ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವತ್ತಿಗೂ ಮಾನಸಗಂಗೋತ್ರಿಯಲ್ಲಿದೆ. 1972ರಷ್ಟು ಹಿಂದೆಯೇ ಕನ್ನಡಕ್ಕೆ ಅಂತ ಒಂದು ಉಚ್ಚಾರಣಾ ಪರೀಕ್ಷೆ ತಯಾರಾಗಿತ್ತು. ಕಿವಿ ಎಷ್ಟು ಕೇಳುತ್ತೆ ಅಂತ ನೋಡೋಕೆ ಕನ್ನಡದ್ದೇ ಪದಪಟ್ಟಿಗಳಿವೆ. ಪರೀಕ್ಷೆ ಇದ್ದರೆ ಆಯ್ತಾ? ಅದನ್ನ ಹಿಡಿದುಕೊಂಡು ಸಾಗರದಲ್ಲೋ ಸಿಂಧನೂರಲ್ಲೋ ಕೂರೋರು ಬೇಡವಾ?

ಅಂಥವರು ಇಲ್ಲದಿದ್ರೆ ಏನಾಗುತ್ತೆ ಅಂದ್ರೆ, ಗೊತ್ತಿಲ್ಲದವರೆಲ್ಲ ಸಲಹೆ ಕೊಡ್ತಾರೆ. ನನ್ನ ಸಹೋದ್ಯೋಗಿಯ ಮಗನಿಗೆ ಮೂರು ವರ್ಷ ಆದ್ರೂ ಹತ್ತೋ ಹನ್ನೆರಡೋ ಪದ ಅಷ್ಟೇ. ಪ್ಲೇಸ್ಕೂಲಿನವರು (ಹೆಸರು ಬೇಡ ಬಿಡಿ) ಹೇಳಿದ್ದು: "ಮಗು ಕನ್‌ಫ್ಯೂಸ್ ಆಗ್ತಿದೆ, ಮನೇಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ." ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಹೋದರೆ ರಾತ್ರಿ ಬರೋರು. ದಿನವಿಡೀ ಮಗುವಿನ ಜೊತೆ ಇರೋದು ಹಾಸನದಿಂದ ಬಂದ ಅಜ್ಜಿ, ಅವರಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಮಾತಾಡಲಿ ಅಂತ ಕಾಯ್ತಿದ್ದ ಮಗುವಿನ ಎದುರಿಗೇ ಅಜ್ಜಿಯ ಬಾಯಿ ಮುಚ್ಚಿಸಿದರು ಮಾರಾಯ್ರೇ! ಎಂಟು ತಿಂಗಳು ಹೀಗೇ ಹೋಯ್ತು. ಕಡೆಗೆ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದಾಗ ಆಕೆ ಮೊದಲು ಮಾಡಿಸಿದ್ದು ಕಿವಿ ಪರೀಕ್ಷೆ, ಎರಡನೇದು ಅಜ್ಜಿಯನ್ನ ಕರೆಸಿದ್ದು.

ಎರಡು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುತ್ತೆ ಅನ್ನೋದು ಶುದ್ಧ ಸುಳ್ಳು. ಈ ವಿಷಯದಲ್ಲಿ ಸಂಶೋಧಕರಲ್ಲಿ ಜಗಳವೇ ಇಲ್ಲ. ಆದ್ರೂ ಬೆಂಗಳೂರಲ್ಲಿ ಈ ಸಲಹೆ ದಿನಾ ಯಾರಿಗೋ ಸಿಗ್ತಾನೇ ಇದೆ, ಮತ್ತೆ ಪ್ರತಿಸಲ ಬಿಡಬೇಕಾಗೋದು ಕನ್ನಡವನ್ನೇ ಹೊರತು ಇಂಗ್ಲಿಷನ್ನಲ್ಲ.

ತಡ ಅನ್ನೋದಕ್ಕೆ ಇಲ್ಲಿ ಬೆಲೆ ಜಾಸ್ತಿ. ಹುಟ್ಟಿದ ಮಗುವಿನ ಕಿವಿಯನ್ನ ಒಂದು ತಿಂಗಳೊಳಗೆ ತಪಾಸಣೆ ಮಾಡಿ, ಮೂರು ತಿಂಗಳೊಳಗೆ ತೊಂದರೆ ಖಚಿತಪಡಿಸಿ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಮಾಡಬೇಕು ಅಂತ ಪ್ರಪಂಚದಲ್ಲೆಲ್ಲ ಒಪ್ಪಿರೋ ಗುರಿ ಇದೆ. ನಮ್ಮಲ್ಲಿ "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಅಂತ ನಾಲ್ಕು ವರ್ಷ ಕಳೀತಾರೆ. ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಕೆಲವು ಗಂಟೆಗಳಲ್ಲಿ ಮುಗಿಯುತ್ತೆ, ಪೇಪರಲ್ಲಿ ಡಾಕ್ಟರ ಫೋಟೋನೂ ಬರುತ್ತೆ. ಆ ಯಂತ್ರದಿಂದ ಬರೋ ಸದ್ದನ್ನ ಮಗು 'ಅಮ್ಮ' ಅಂತ ಗುರುತಿಸೋ ಹಾಗೆ ಮಾಡೋದು ಆಮೇಲೆ ವರ್ಷಗಟ್ಟಲೆ ನಡೆಯೋ ಕೆಲಸ, ಅದನ್ನ ಮಾಡುವವರ ಫೋಟೋ ನಾನಂತೂ ನೋಡಿಲ್ಲ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಶ್ರವಣದ ತೊಂದರೆ ಇರೋರು ಸುಮಾರು 50 ಲಕ್ಷ, ಮಾತಿನ ತೊಂದರೆ ಇರೋರು ಸುಮಾರು 20 ಲಕ್ಷ. ಉಗ್ಗು ಇರೋರು ಎಷ್ಟು ಜನ ಅದನ್ನ ಗಣತಿಯವರಿಗೆ ಹೇಳಿಕೊಂಡಿರ್ತಾರೋ, ನೀವೇ ಊಹಿಸಿ.

ಸಂಬಳದ ಮಾತು ಬಂದೇ ಬರುತ್ತೆ. ಹೌದು, ಶುರುವಿನಲ್ಲಿ ನಮ್ಮಷ್ಟು ಬರಲ್ಲ. 2022, 2023ರಲ್ಲಿ ನಮ್ಮ ಕಂಪನಿಗಳಲ್ಲಿ ಒಂದೊಂದು ಈಮೇಲಿಗೆ ಎಷ್ಟು ಜನ ಮನೆಗೆ ಹೋದರು ಅಂತ ನೋಡಿದವನಿಗೆ ಈ ಹೋಲಿಕೆ ಮೇಲೆ ಅಂಥ ಭಕ್ತಿ ಉಳಿದಿಲ್ಲ. ಅಷ್ಟು ಸಾಕು.

ಇನ್ನು ನಮ್ಮ ಬಳಗಕ್ಕೆ ಎರಡು ಮಾತು, ಬೇಜಾರು ಮಾಡ್ಕೋಬೇಡಿ. ಮಹಾಪ್ರಾಣ ಬೇಕೋ ಬೇಡವೋ ಅಂತ ನಾವು ನೂರು ಕಾಮೆಂಟ್ ಹಾಕ್ತೀವಿ. ಬ್ಯಾಂಕಿನವನು ಹಿಂದಿಯಲ್ಲಿ ಮಾತಾಡಿದ ಅಂತ ಒಂದು ವಾರ ಬರೀತೀವಿ. ಆದ್ರೆ ಕನ್ನಡ ಬಾಯಲ್ಲಿ ಹೇಗೆ ಹುಟ್ಟುತ್ತೆ, ಕಿವಿಗೆ ಹೇಗೆ ಮುಟ್ಟುತ್ತೆ, ಲಕ್ವ ಹೊಡೆದ ಮೆದುಳಿನಲ್ಲಿ ಅದರ ಯಾವ ಪ್ರತ್ಯಯ ಮೊದಲು ಕಳಚಿಹೋಗುತ್ತೆ ಅಂತ ಓದಲು ಹೊರಟ ನಮ್ಮದೇ ಮನೆ ಹುಡುಗಿಗೆ "ಯಾಕಮ್ಮಾ, ಇಂಜಿನಿಯರಿಂಗ್ ಸಿಗ್ಲಿಲ್ವಾ?" ಅಂತೀವಿ. ಮೈಸೂರಿನದು ಅಖಿಲ ಭಾರತ ಸಂಸ್ಥೆ, ಬೇರೆ ರಾಜ್ಯದ ಹುಡುಗರು ಬಂದೇ ಬರ್ತಾರೆ, ಬರಲಿ. ಅವರು ಕ್ಲಿನಿಕ್ಕಲ್ಲಿ ನಮ್ಮ ಮಕ್ಕಳ ಮುಂದೆ ಕೂತು ಕನ್ನಡ ಕಲಿಯೋ ಕಷ್ಟ ಪಡಬೇಕು. "ಥೆರಪಿಸ್ಟಿಗೆ ಕನ್ನಡವೇ ಬರಲ್ಲ ರೀ" ಅಂತ ಬರೆಯೋಕೆ ಕೂರೋ ಮೊದಲು, ನಿಮ್ಮ ಮನೇಲಿ ಪಿಯುಸಿ ಸೈನ್ಸ್ ಓದ್ತಿರೋರಿಗೆ ಈ ಕೋರ್ಸಿನ ಹೆಸರಾದ್ರೂ ಗೊತ್ತಾ ಅಂತ ಒಂದು ಸಲ ಕೇಳಿ ನೋಡಿ.